ದ್ಯಾಮಣ್ಣನ ಕತ್ತಿಯ ಹಿಡಿ

ತುಂಗಭದ್ರೆಯ ದಂಡೆಯ ಮೇಲೆ ಗದಿಗೆಯ್ಯ ಅಜ್ಜಾರ ಮಠವಿತ್ತು. ಮಠ ಅನ್ನುವುದು ಹೆಸರಿಗೆ. ಒಂದು ಗದ್ದುಗೆ, ಒಂದು ಗರಡಿ, ಒಂದು ಕುಲುಮೆ, ಉಳಿದದ್ದೆಲ್ಲ ಬಯಲು. ಅಲ್ಲಿಗೆ ಬಂದವರು ಮಂತ್ರ ಕಲಿಯುತ್ತಿರಲಿಲ್ಲ, ಕತ್ತಿವರಸೆ ಕಲಿಯುತ್ತಿದ್ದರು.

ಗದ್ದುಗೆಯ ಮೇಲೆ ಮೂಲ ಗುರುವಿನ ಕತ್ತಿ ಮಲಗಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಶಿಷ್ಯರ ಕೈಯಲ್ಲಿದ್ದವೆಲ್ಲ ಅದರ ನಕಲುಗಳು. ಅದೇ ಉದ್ದ, ಅದೇ ಬಾಗು, ಹೆಚ್ಚುಕಡಿಮೆ ಅದೇ ತೂಕ. ಹರಿತ ಮಾತ್ರ ಇಲ್ಲ.

ಅಲಗನ್ನು ಅಜ್ಜಾರೇ ಬಡಿದು ಕೊಡುತ್ತಿದ್ದರು. ಹಿಡಿಯನ್ನು ಆಯಾ ಶಿಷ್ಯನೇ ಮಾಡಿಕೊಳ್ಳಬೇಕು. ಒಬ್ಬ ಹಿಡಿಯ ತಲೆಗೆ ಗಿಳಿಯ ಮೂತಿ ಕೂರಿಸುತ್ತಿದ್ದ, ಇನ್ನೊಬ್ಬ ಸಿಂಹದ್ದು. ಏನೂ ಬಾರದವನು ಒಂದು ಹಿತ್ತಾಳೆಯ ತಟ್ಟೆ ಬಡಿದು ಕೈತೊಳೆದುಕೊಳ್ಳುತ್ತಿದ್ದ.

ಹಿಡಿಯ ಪೊಳ್ಳಿಗೆ ಕಾದ ಅರಗು ತುಂಬಿ, ಅಲಗಿನ ಬಾಲವನ್ನು ಅದರೊಳಗೆ ಇಳಿಸಿದರೆ ಕತ್ತಿಯಾಯಿತು. ಬೇಡವೆನಿಸಿದರೆ ಕೆಂಡದ ಮೇಲೆ ಹಿಡಿದರಾಯಿತು, ಅರಗು ಕರಗಿ ಹಿಡಿ ಮತ್ತೆ ಕಳಚಿಕೊಳ್ಳುತ್ತಿತ್ತು.

ಶಿಷ್ಯ ನೀಲಪ್ಪ ಹಾದಿ ತಪ್ಪಿದ್ದು ಇಲ್ಲಿಯೇ.

ಅವನ ಅಣ್ಣ ದ್ಯಾಮಣ್ಣ ಇದೇ ಮಠದಲ್ಲಿ ಕಲಿತವನು. ಅವನ ವರಸೆ ನೋಡಲು ಆಚೆ ದಂಡೆಯ ಜನ ಹರಿಗೋಲು ಹತ್ತಿ ಬರುತ್ತಿದ್ದರು. ಒಂದು ಮಳೆಗಾಲದಲ್ಲಿ ಆ ಹರಿಗೋಲು ನಡುಹೊಳೆಯಲ್ಲಿ ಮಗುಚಿತು. ದ್ಯಾಮಣ್ಣ ನೀರಿಗೆ ಹಾರಿದ. ಒಬ್ಬ ಮುದುಕಿಯನ್ನು ಎಳೆದು ತಂದ, ಒಂದು ಕೂಸನ್ನು ಎತ್ತಿ ತಂದ. ಮತ್ತೆ ಹೋದವನು ಬರಲಿಲ್ಲ. ಹೊಳೆ ಅವನ ಹೆಣವನ್ನೂ ಕೊಡಲಿಲ್ಲ.

ಅವನ ಕತ್ತಿ ಮಠದ ಗೋಡೆಯ ಗೂಟದಲ್ಲಿ ಉಳಿಯಿತು.

ತಾಯಿ ಗಾಳೆವ್ವ ಮಾತು ಬಿಟ್ಟಳು. ಉಂಡೆಯಾ ಅಂದರೆ ತಲೆಯಾಡಿಸುವಳು, ಮಲಗು ಅಂದರೆ ಮಲಗುವಳು, ಅಷ್ಟೇ. ಕಿರಿಯ ಮಗ ನೀಲಪ್ಪ ಮಠಕ್ಕೆ ಹೊರಟ ದಿನ ಮಾತ್ರ ಬಾಯಿ ತೆರೆದಳು.

"ನಿಮ್ಮಣ್ಣನಂಗ ಆಗಿ ಬಾರಪಾ."

ಆ ಮಾತನ್ನು ನೀಲಪ್ಪ ಎದೆಯಲ್ಲಿಟ್ಟುಕೊಂಡು ಬಂದ. ತಾನು ಅಣ್ಣನಾಗದೆ ಅವ್ವ ಮತ್ತೆ ಮಾತಾಡುವುದಿಲ್ಲ ಎಂದು ಅವನಿಗೆ ಗಟ್ಟಿಯಾಗಿ ಅನಿಸಿಬಿಟ್ಟಿತ್ತು.

ಆದರೆ ಕೈ ಏಳುತ್ತಿರಲಿಲ್ಲ. ದ್ಯಾಮಣ್ಣ ಭುಜದಿಂದ ಹೊಡೆಯುತ್ತಿದ್ದ, ಮೇಲಿನಿಂದ, ಗಾಳಿ ಸೀಳುವಂತೆ. ನೀಲಪ್ಪ ಹಾಗೆ ಹೊಡೆಯಲು ಹೋದರೆ ಕಾಲು ತಡವರಿಸುತ್ತಿತ್ತು, ಕತ್ತಿ ಎತ್ತಲೋ ಹೋಗುತ್ತಿತ್ತು.

ದೋಷ ಕತ್ತಿಯ ಹಿಡಿಯದ್ದು ಅಂದುಕೊಂಡ. ಅವನದು ಬರಿಯ ಹಿತ್ತಾಳೆ ತಟ್ಟೆಯ ಹಿಡಿ.

ಜೊತೆಗಾರ ಹುಚ್ಚೀರನ ಹಿಡಿಗೆ ಬೆರಳು ಕಾಯುವ ಕಮಾನು ಅಗಲವಾಗಿತ್ತು. ಕೇಳಿದ. ಹುಚ್ಚೀರ ಧಾರಾಳಿ, ಬಿಚ್ಚಿಕೊಟ್ಟ, ಬದಲಿಗೆ ನೀಲಪ್ಪನದನ್ನು ಹಾಕಿಕೊಂಡ. ಇನ್ನೊಬ್ಬನಿಂದ ಸಿಂಹದ ಮೂತಿ ಬಂತು. ಮತ್ತೊಬ್ಬನಿಂದ ಭಾರದ ಹಿಡಿ ಬಂತು. ಅದು ಕೈಗೆ ಹೆಚ್ಚಾಯಿತೆಂದು ಹಗುರದ್ದು ಬಂತು. ಕುಲುಮೆಯ ಕೆಂಡ ಆರಿದ್ದೇ ಇಲ್ಲ. ಕಡೆಕಡೆಗೆ ಯಾರ ಕತ್ತಿಯಲ್ಲಿ ಯಾರ ತುಂಡು ಇದೆಯೋ ಶಿಷ್ಯರಿಗೇ ತಿಳಿಯದಾಯಿತು.

ಅಜ್ಜಾರು ಒಂದು ಮುಂಜಾನೆ ಅವನ ಕತ್ತಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಚೆಂದ ಆಗೈತಿ."

"ಹೌದ್ರಿ ಅಜ್ಜಾರ."

"ಹೊಡೆತ?"

ನೀಲಪ್ಪ ನೆಲ ನೋಡಿದ. "ಇನ್ನೂ ಬಂದಿಲ್ರಿ."

"ಮತ್ತೇನು ಬದಲಿ ಮಾಡೋದು ಉಳದೈತಿ?"

"ಹಿಡಿ ಆತು, ಕಮಾನು ಆತು, ಮೂತಿನೂ ಆತ್ರಿ. ಎಲ್ಲಾ ಮುಗದಾವು."

"ಹಂಗಾರ ನೀನೊಬ್ಬ ಉಳದಿ," ಅಂದರು ಅಜ್ಜಾರು. ಕತ್ತಿಯನ್ನು ಅವನ ಕೈಗಿಟ್ಟು ಹೊಳೆಯ ಕಡೆ ನಡೆದರು.

ನೀಲಪ್ಪನಿಗೆ ಆ ಮಾತು ಅರ್ಥವಾಯಿತು, ಆದರೆ ತಲೆಕೆಳಗಾಗಿ ಅರ್ಥವಾಯಿತು. ತನ್ನನ್ನೇ ಬದಲಿ ಮಾಡಬೇಕು, ಅದಕ್ಕಾಗಿ ಅಣ್ಣನ ಕೈಯೇ ಬೇಕು ಅಂದುಕೊಂಡ.

ಮಹಾನವಮಿ ಹತ್ತಿರ ಬರುತ್ತಿತ್ತು. ಅಂದು ಆಯುಧಗಳಿಗೆ ಪೂಜೆ, ಆಮೇಲೆ ಶಿಷ್ಯರ ವರಸೆ. ಮನೆಯವರೆಲ್ಲ ನೋಡಲು ಬರುತ್ತಾರೆ. ಗಾಳೆವ್ವನೂ ಬರುತ್ತಾಳೆಂದು ಸುದ್ದಿ ಬಂದಿತ್ತು. ಮಗನನ್ನು ನುಂಗಿದ ಹೊಳೆಯನ್ನು ದಾಟಿ ಬರುತ್ತಾಳೆ.

ಎಲ್ಲರೂ ಊಟಕ್ಕೆ ಕೂತ ಹೊತ್ತು ನೋಡಿ ನೀಲಪ್ಪ ಗೋಡೆಯ ಗೂಟದಿಂದ ದ್ಯಾಮಣ್ಣನ ಕತ್ತಿ ಇಳಿಸಿದ. ಹಿಡಿಯನ್ನು ಕೆಂಡಕ್ಕೆ ಹಿಡಿದ. ಅರಗು ಕರಗಿ ವಾಸನೆ ಬಂತು. ಈ ಅರಗನ್ನು ತುಂಬಿದವನು ಅಣ್ಣ. ಅವನ ನಂತರ ಇದನ್ನು ಯಾರೂ ಬಿಚ್ಚಿರಲಿಲ್ಲ.

ಅಣ್ಣನ ಹಿಡಿಯನ್ನು ತನ್ನ ಅಲಗಿಗೆ ಕೂರಿಸಿದ. ಅಲಗಿನ ಬಾಲ ಆ ಪೊಳ್ಳಿಗೆ ಸಣ್ಣದಾಯಿತು, ಅಲುಗಾಡಿತು. ಬಿಡಲಿಲ್ಲ. ನೂಲನ್ನು ಅರಗಿನಲ್ಲಿ ಅದ್ದಿ ಬಾಲಕ್ಕೆ ಸುತ್ತಿದ, ದಪ್ಪ ಮಾಡಿ ಒಳಗೆ ತುರುಕಿದ. ತನ್ನ ಹತ್ತಿರ ಉಳಿದ ಹಿಡಿಯನ್ನು ಅಣ್ಣನ ಅಲಗಿಗೆ ಹೇಗೋ ಸಿಕ್ಕಿಸಿ ಗೂಟಕ್ಕೆ ಮರಳಿ ತೂಗುಹಾಕಿದ.

ಮರುದಿನ ಗರಡಿಯಲ್ಲಿ ಹುಚ್ಚೀರ ಅವನಿಗೆ ಎದುರಾದ.

ನೀಲಪ್ಪ ಅಣ್ಣನ ಹಿಡಿಯನ್ನು ಬಿಗಿಹಿಡಿದ. ದ್ಯಾಮಣ್ಣನ ಬೆರಳು ಸವೆಸಿದ ಕಡೆಗಳಲ್ಲಿ ಲೋಹ ನುಣ್ಣಗಿತ್ತು. ತನ್ನ ಬೆರಳುಗಳನ್ನು ಸರಿಸಿ ಸರಿಸಿ ಅಲ್ಲಿಯೇ ಕೂರಿಸಿದ. ಭುಜದಿಂದ ಎತ್ತಿದ. ಹೊಡೆತ ಬಂತು! ಎಂದೂ ಬಾರದ ಹೊಡೆತ. ಇನ್ನೊಂದು ಬಂತು. ಅವನ ಮೈಯೆಲ್ಲ ಸಂತೋಷದಿಂದ ಜುಮ್ಮೆಂದಿತು. ಅಣ್ಣ ಬಂದ, ಅಂದುಕೊಂಡ.

ಮೂರನೆಯ ಹೊಡೆತಕ್ಕೆ ಅಲಗು ಹಿಡಿಯನ್ನು ಬಿಟ್ಟು ಹಾರಿತು.

ಹರಿತವಿಲ್ಲದ ಅಲಗಾದರೂ ಕಬ್ಬಿಣ ಕಬ್ಬಿಣವೇ. ಹುಚ್ಚೀರ ಮುಖ ಮುಚ್ಚಿಕೊಂಡು ಕುಸಿದ. ಬೆರಳ ಸಂದಿಯಿಂದ ರಕ್ತ ಇಳಿಯಿತು. ನೀಲಪ್ಪ ಖಾಲಿ ಹಿಡಿ ಹಿಡಿದುಕೊಂಡು ನಿಂತೇ ಇದ್ದ.

ಅಜ್ಜಾರು ಬಂದರು. ಬೈಯಲಿಲ್ಲ. ಗಾಯ ತೊಳೆದರು, ಸೊಪ್ಪು ಅರೆದು ಹಚ್ಚಿದರು, ಕಣ್ಣಿಗೂ ಹುಬ್ಬಿಗೂ ಸೇರಿಸಿ ಬಟ್ಟೆ ಕಟ್ಟಿದರು. ಕಣ್ಣು ಉಳಿದಿದೆಯೋ ಇಲ್ಲವೋ ಬಾವು ಇಳಿಯುವ ತನಕ ತಿಳಿಯುವಂತಿರಲಿಲ್ಲ.

ನೀಲಪ್ಪ ಅಜ್ಜಾರ ಕಾಲಿಗೆ ಬಿದ್ದ. "ತಪ್ಪಾತ್ರಿ ಅಜ್ಜಾರ."

"ನನ್ನ ಕಣ್ಣು ನೆಟ್ಟಗೈತಿ. ಕಣ್ಣು ಕಟ್ಟಿಕೊಂಡವ ಅಲ್ಲಿ ಮಲಗ್ಯಾನ."

ಬಾವು ಇಳಿಯುವ ತನಕ ನೀಲಪ್ಪ ಹುಚ್ಚೀರನ ಪಕ್ಕ ಬಿಟ್ಟು ಏಳಲಿಲ್ಲ. ಉಣಿಸಿದ, ಹೊರಗೆ ಕೈಹಿಡಿದು ಕರೆದೊಯ್ದ, ಗಾಳಿ ಬೀಸಿದ. ಮನಸ್ಸಿನೊಳಗೆ ಮಾತ್ರ ಬೇಯುತ್ತಿದ್ದ. ಕೊನೆಗೊಂದು ದಿನ ಬಟ್ಟೆ ಬಿಚ್ಚಿದಾಗ ಹುಚ್ಚೀರ ಕಣ್ಣು ಪಿಳುಕಿಸಿ ಅವನನ್ನೇ ನೋಡಿದ.

"ಕಾಣ್ತೈತೇನೋ?"

"ಕಾಣ್ತೈತಿ. ನಿನ್ನ ಮಾರಿನೇ ಮೊದಲ ಕಾಣಬೇಕಿತ್ತೇನು, ಅದೊಂದು ಕೆಟ್ಟಾತು." ಹುಚ್ಚೀರ ಹುಬ್ಬಿನ ಕಲೆ ಮುಟ್ಟಿಕೊಂಡ. "ಲೇ ನೀಲ್ಯಾ, ಕಣ್ಣು ಚಲೋ ಅದಾವಂತ ಇನ್ನ ಇವನ್ನೂ ಬಿಚ್ಚಿಕೊಡು ಅಂದೀಯಪಾ."

ನೀಲಪ್ಪ ನಗಲು ಹೋಗಿ ಅತ್ತುಬಿಟ್ಟ.

ಅಜ್ಜಾರು ಅವನನ್ನು ಕುಲುಮೆಗೆ ಕರೆದರು. ದ್ಯಾಮಣ್ಣನ ಖಾಲಿ ಹಿಡಿ ಅವರ ಮಡಿಲಲ್ಲಿತ್ತು. ಒಳಗಿನ ಅರಗನ್ನು ಉಳಿಯಿಂದ ಕೆರೆದರು. ನೂಲಿನ ಸುರುಳಿ ಹೊರಬಿತ್ತು.

"ಇದೇನು?"

"ಬಾಲ ಸಣ್ಣದಿತ್ರಿ. ಅದಕ್ಕ ಸುತ್ತಿದ್ದೆ."

"ಸಣ್ಣದಿತ್ತು ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ರಿ."

"ಮತ್ತ್ಯಾಕ ತುರುಕಿದಿ?"

ನೀಲಪ್ಪ ತಲೆ ಎತ್ತಲಿಲ್ಲ. ಕೆಂಡ ಬೂದಿ ಕಟ್ಟುವುದನ್ನು ನೋಡುತ್ತಿದ್ದ.

"ಅವ್ವಗ ಅಣ್ಣ ಬೇಕು ಅಜ್ಜಾರ. ನಾ ಬ್ಯಾಡ. ನನಗದು ಗೊತ್ತೈತಿ. ಸಿಟ್ಟಿಲ್ಲ. ನಾ ಅಣ್ಣ ಆದ್ರ ಆಕಿ ಬಾಯಿ ಬಿಡತಾಳ. ಇಲ್ಲಂದ್ರ ಹಂಗ ಸಾಯ್ತಾಳ."

ಅಜ್ಜಾರು ಅವನ ಬಲಗೈಯನ್ನು ತೆಗೆದುಕೊಂಡು ಅಂಗೈ ಮೇಲಾಗಿ ತೊಡೆಯ ಮೇಲಿಟ್ಟುಕೊಂಡರು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದಿದ್ದವು, ಹಿಡಿಯೊಂದಿಗೆ ಬೆರಳು ಹೊಂದದ ಕಡೆಗಳಲ್ಲೆಲ್ಲ. ಅವರು ಅದನ್ನು ನೋಡಿದರು, ಎಣ್ಣೆ ಸವರಿದರು.

"ಯಾರ್ಯಾರದು ಏನೇನು ತಗೊಂಡೀ, ವಾಪಸ್ ಕೊಟ್ಟು ಬಾ," ಅಂದರು. "ನಿಂದು ಎಲ್ಲೆಲ್ಲಿ ಐತಿ, ಕೇಳಿ ತಗೊಂಡು ಬಾ."

ಅದೊಂದು ದೊಡ್ಡ ರಾಮಾಯಣವಾಯಿತು. ಸಿಂಹದ ಮೂತಿ ಕೊಟ್ಟವನಿಗೆ ಗಿಳಿಯ ಮೂತಿಯೇ ಹಿಡಿಸಿಬಿಟ್ಟಿತ್ತು, ಬಿಡಲೊಲ್ಲ. ಗಿಳಿಯವನು ತನ್ನದು ಬೇಕೇ ಬೇಕೆಂದ. ನೀಲಪ್ಪ ಒಬ್ಬೊಬ್ಬರ ಮುಂದೆಯೂ ಕೂತು, ಕೆಂಡ ಊದಿ, ಬಿಚ್ಚಿ, ಜೋಡಿಸಿಕೊಟ್ಟ. ಬೈಸಿಕೊಂಡ. ಎಲ್ಲ ಮುಗಿದ ಮೇಲೆ ಅವನ ಕೈಯಲ್ಲಿ ಉಳಿದದ್ದು ಆ ಹಿತ್ತಾಳೆ ತಟ್ಟೆಯ ಬೋಳು ಹಿಡಿ.

ಅದನ್ನು ತನ್ನ ಅಲಗಿಗೆ ಕೂರಿಸಿದ. ನೂಲು ಬೇಕಾಗಲಿಲ್ಲ.

ಅಣ್ಣನ ಹಿಡಿಯನ್ನು ಅಣ್ಣನ ಅಲಗಿಗೆ ಅಜ್ಜಾರೂ ಅವನೂ ಕೂಡಿ ಜೋಡಿಸಿದರು. ಅಜ್ಜಾರು ಅರಗು ಹೊಯ್ದರು. ನೀಲಪ್ಪ ಅಲಗನ್ನು ನೆಟ್ಟಗೆ ಹಿಡಿದ. ದ್ಯಾಮಣ್ಣ ಸತ್ತನೆಂಬುದು ಅವನಿಗೆ ಆವಾಗಲೇ, ಆ ಕುಲುಮೆಯ ಮುಂದೆಯೇ, ಪೂರ್ತಿ ತಿಳಿದದ್ದು.

ಮಹಾನವಮಿಯ ಮುಂಜಾನೆ ಗಾಳೆವ್ವ ಹರಿಗೋಲಿನಿಂದ ಇಳಿದಳು. ಹೊಳೆ ದಾಟುವ ತನಕ ಕಣ್ಣು ತೆರೆದಿರಲಿಲ್ಲವಂತೆ. ಸೆರಗಿನಲ್ಲಿ ಬುತ್ತಿ ಇತ್ತು. ಬಿಚ್ಚಿದರೆ ಸಜ್ಜೆರೊಟ್ಟಿ, ಗುರೆಳ್ಳು ಚಟ್ನಿ. ಗುರೆಳ್ಳು ಅಂದರೆ ದ್ಯಾಮಣ್ಣನಿಗೆ ಪ್ರಾಣ. ನೀಲಪ್ಪನಿಗೆ ಸೇರುತ್ತಿರಲಿಲ್ಲ. ಅವನು ಒಂದು ಮಾತೂ ಆಡದೆ ಉಂಡ.

ಪೂಜೆಯಾಯಿತು. ವರಸೆ ಸುರುವಾಯಿತು. ನೀಲಪ್ಪನ ಸರದಿ ಬಂದಾಗ ಹುಚ್ಚೀರ ತಾನೇ ಎದುರು ನಿಂತ.

ನೀಲಪ್ಪ ಭುಜದಿಂದ ಎತ್ತಲಿಲ್ಲ. ಎತ್ತಲು ಹೋಗಲೇ ಇಲ್ಲ. ಕೆಳಗೆ ಬಗ್ಗಿದ, ಮಣಿಕಟ್ಟು ತಿರುಗಿಸಿ ಕೆಳಗಿನಿಂದ ಮೇಲೆ ಹೊಡೆದ. ಯಾರೂ ಕಲಿಸದ ಹೊಡೆತ. ಅಷ್ಟೇನೂ ಚೆಂದವಿರಲಿಲ್ಲ, ಒಮ್ಮೆ ಕಾಲೂ ಜಾರಿತು. ಆದರೆ ಹುಚ್ಚೀರನ ಕತ್ತಿ ಕೈಬಿಟ್ಟು ಮಣ್ಣಿಗೆ ಬಿತ್ತು.

ಅಜ್ಜಾರು ತಲೆಯಾಡಿಸಿದರು. ಶಿಷ್ಯರು ಹೋ ಎಂದು ಕೂಗಿದರು.

ನೀಲಪ್ಪ ಅವ್ವನ ಕಡೆ ತಿರುಗಿದ. ಅವಳು ನೋಡಿರಲೇ ಇಲ್ಲ. ಅವಳ ಕಣ್ಣು ಗೋಡೆಯ ಗೂಟದ ಮೇಲಿತ್ತು.

ಅವನ ಎದೆ ಒಡೆದುಹೋಯಿತು. ಆದರೂ ಹೋದ, ಗೂಟದಿಂದ ಅಣ್ಣನ ಕತ್ತಿಯನ್ನು ಇಳಿಸಿದ, ತಂದು ಅವಳ ಮಡಿಲಲ್ಲಿಟ್ಟ. ಮಂಡಿಯೂರಿ ಎದುರಿಗೆ ಕೂತ.

"ಅವ್ವಾ, ನಾ ಅಣ್ಣನಂಗ ಆಗಲಿಲ್ಲ. ಆಗಾಕ ನೋಡಿದೆ. ಆಗಲಿಲ್ಲ."

ಗಾಳೆವ್ವ ಹಿಡಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡಳು. ಸವೆದ ಕಡೆಗಳನ್ನು ಹೆಬ್ಬೆರಳಿನಿಂದ ತಡವಿದಳು. ಕೆನ್ನೆಗೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೆಯೇ ಕೂತಿದ್ದಳು.

ಆಮೇಲೆ ಅವಳ ಬಾಯಿಂದ ಮಾತು ಬಂತು. ಎಷ್ಟೋ ದಿನ ಆಡದೆ ಬಿಟ್ಟ ಮಾತು, ಒಡೆದು ಒಡೆದು ಬಂತು.

"ಅಜ್ಜಾರ... ಹಿಡಿ ಬೆಚ್ಚಗೈತ್ರಿ. ಮುಟ್ಟಿ ನೋಡ್ರಿ. ನನ್ನ ಮಗನ ಕೈ ಬಿಸಿ ಇನ್ನೂ ಆರಿಲ್ಲ."

ಅಜ್ಜಾರು ಅವಳ ಪಕ್ಕದಲ್ಲಿ ಕೂತರು. ಹಿಡಿಯನ್ನು ಮುಟ್ಟಿ ನೋಡಿದರು. ಎದುರಿಗಿದ್ದ ನೀಲಪ್ಪನ ಮಣಿಕಟ್ಟನ್ನು ಹಿಡಿದು, ಗುಳ್ಳೆ ಒಡೆದ ಆ ಅಂಗೈಯನ್ನು ಅವಳ ಮುಂದೆ ಚಾಚಿದರು.

"ಅದು ನಿನ್ನ ಕೈ ಬಿಸಿ, ಯವ್ವಾ. ಇವನ ಕೈ ಹಿಡದು ನೋಡು."