ಟಿಟ್ಟವ್ವನ ಮುರಿಯದ ರೆಕ್ಕೆ

ಲೋಕ ಇನ್ನೂ ಹಸಿ ಮಡಕೆಯ ಹಾಗಿತ್ತು, ಮಕ್ಕಳೇ. ಗುಡ್ಡಗಳ ಮೇಲೆ ಶಿವನ ಬೆರಳ ಗುರುತು ಆರಿರಲಿಲ್ಲ. ಗಾಳಿ ಆಗಷ್ಟೇ ನಡೆಯಲು ಕಲಿತಿತ್ತು, ಎದುರು ಸಿಕ್ಕವರನ್ನೆಲ್ಲ ಮಾತಾಡಿಸುತ್ತಿತ್ತು. ಸುಳ್ಳು ಅನ್ನುವುದು ಇನ್ನೂ ಹುಟ್ಟಿರಲಿಲ್ಲ.

ಹಕ್ಕಿಗಳೆಲ್ಲ ಶಿವನ ಹತ್ತಿರ ಹೋಗಿ ಒಂದೊಂದು ಮರ ಕೇಳಿಕೊಂಡವು. ಟಿಟ್ಟಿಭ ಹಕ್ಕಿ ಮಾತ್ರ ಕೇಳಲಿಲ್ಲ. ಅವಳಿಗೆ ಎಲ್ಲರೂ ಟಿಟ್ಟವ್ವ ಅನ್ನುತ್ತಿದ್ದರು. ಉದ್ದನೆಯ ಹಳದಿ ಕಾಲು, ಕಣ್ಣ ಮುಂದೆ ಕುಂಕುಮ ಹಚ್ಚಿದಂಥ ಕೆಂಪು.

"ನನ್ನ ಮಕ್ಕಳು ಕಣ್ಣು ಬಿಟ್ಟ ಕೂಡಲೇ ನಿನ್ನ ಆಕಾಶ ಕಾಣಬೇಕು ಶಿವನೇ. ನಡುವೆ ಎಲಿ ಅಡ್ಡ ಬರಬಾರದು" ಎಂದಳು.

ಶಿವ ನಕ್ಕ. "ಹಂಗಾದ್ರ ನೆಲಾನೇ ನಿನ್ನ ಮನಿ."

ಟಿಟ್ಟವ್ವ ಹರಳುಕಲ್ಲಿನ ಬಯಲಲ್ಲಿ ನಾಲ್ಕು ಮೊಟ್ಟೆ ಇಟ್ಟಳು. ಮೊಟ್ಟೆಗಳೂ ಕಲ್ಲಿನ ಬಣ್ಣದವೇ. ಗಾಳಿ ಬಂದು ಚೇಷ್ಟೆ ಮಾಡಿತು. "ಏನವ್ವಾ ಟಿಟ್ಟವ್ವ, ಗೋಡಿ ಇಲ್ಲ, ಮಾಳಿಗಿ ಇಲ್ಲ. ನಿನ್ನ ಮನಿ ಬಾಗಿಲು ಯಾವ ಕಡೆಗೈತಿ?"

"ಬಾಗಿಲು ತಗೊಂಡು ನೀ ಏನು ಮಾಡ್ತೀ? ಎಂದಾದ್ರೂ ಕೇಳಿ ಒಳಗ ಬಂದೀಯೇನು?" ಎಂದಳು ಟಿಟ್ಟವ್ವ. ಗಾಳಿ ನಗುತ್ತ ಹೋಯಿತು.

ಒಂದು ಬೆಳಿಗ್ಗೆ ನರಿ ಬಂತು. ನೆಲ ಮೂಸುತ್ತ ಮೂಸುತ್ತ ನೆಟ್ಟಗೆ ಮೊಟ್ಟೆಯ ಕಡೆಗೇ ಬಂತು. ಟಿಟ್ಟವ್ವ ಭಯದಲ್ಲಿ ಹಾರಲು ಹೋಗಿ ಎಡವಿಬಿದ್ದಳು. ಒಂದು ರೆಕ್ಕೆ ಮಣ್ಣಿನಲ್ಲಿ ಎಳೆದಾಡಿತು. ನರಿಯ ಕಣ್ಣು ಅತ್ತ ತಿರುಗಿತು. ಕುಂಟು ಹಕ್ಕಿ! ಸುಲಭದ ಊಟ!

ಅವಳಿಗೆ ತಟ್ಟನೆ ಒಂದು ಉಪಾಯ ಹೊಳೆಯಿತು. ಎದ್ದು ನಾಲ್ಕು ಹೆಜ್ಜೆ ಓಡಿದಳು, ಮತ್ತೆ ಬೇಕೆಂದೇ ಬಿದ್ದಳು, ರೆಕ್ಕೆ ಎಳೆದಳು. ನರಿ ಹಿಂದೆ ಹಿಂದೆ. ಬಯಲು ದಾಟಿಸಿ, ಹಳ್ಳ ದಾಟಿಸಿ, ಆಮೇಲೆ ಎರಡೂ ರೆಕ್ಕೆ ಬಿಚ್ಚಿ ಹಾರಿಯೇಬಿಟ್ಟಳು. ನರಿ ಬಾಯಿ ತೆರೆದುಕೊಂಡೇ ನಿಂತಿತು. ಲೋಕದ ಮೊದಲ ಸುಳ್ಳು ಹುಟ್ಟಿದ್ದು ಹಾಗೆ.

ಮೊಟ್ಟೆ ಉಳಿದವು. ಟಿಟ್ಟವ್ವನಿಗೆ ಧೈರ್ಯ ಬಂತು. ಇನ್ನು ಯಾರು ಬಂದರೂ ಇದೇ ಉಪಾಯ ಎಂದುಕೊಂಡಳು.

ಮೂರು ದಿನ ಕಳೆದ ಮೇಲೆ ಮಾಳವ್ವ ಬಂದಳು. ಕುರಿ ಕಾಯುವವರಲ್ಲಿ ಅವಳೇ ಮೊದಲಿನವಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಹಿಂದೆ ಇನ್ನೂರು ಕುರಿ. ಕುಂಟುವ ಜೀವ ಕಂಡರೆ ದಾಟಿ ಹೋಗಬಾರದು ಅನ್ನುವುದು ಅವಳ ನೇಮ. ಕಾಲು ನೊಂದ ಮರಿಯನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತುಕೊಂಡೇ ನಡೆಯುವಳು.

ಟಿಟ್ಟವ್ವ ಅವಳ ಮುಂದೆಯೂ ಬಿದ್ದಳು. ರೆಕ್ಕೆ ಎಳೆದಳು. ನರಳಿದಳು.

"ಅಯ್ಯ ನನ್ನವ್ವ! ಯಾವ ಪಾಪಿ ಹೊಡದಾನ ನಿನಗ?" ಮಾಳವ್ವ ಕಂಬಳಿ ಬಿಚ್ಚಿ ಹಿಡಿದು ಹಿಂದೆ ಓಡಿದಳು. "ನಿಲ್ಲು ತಂಗಿ, ನಿಲ್ಲು. ಕಟ್ಟು ಕಟ್ಟತೀನಿ."

ಟಿಟ್ಟವ್ವ ನಿಲ್ಲಲಿಲ್ಲ. ದೂರ, ಇನ್ನೂ ದೂರ. ಇತ್ತ ಕುರಿಗಳಿಗೆ ಕುಂಟು ಹಕ್ಕಿ ಯಾಕೆ ಬೇಕು? ಅವಕ್ಕೆ ಬೇಕಾದದ್ದು ಹುಲ್ಲು. ತಡೆಯುವ ಕೋಲೂ ಇಲ್ಲ, ಕರೆಯುವ ದನಿಯೂ ಇಲ್ಲ. ತಲೆ ತಗ್ಗಿಸಿ ಮೇಯುತ್ತ ಮೇಯುತ್ತ ಹರಳುಕಲ್ಲಿನ ಬಯಲಿಗೆ ನುಗ್ಗಿದವು.

ಚಟ್ ಎಂದು ಒಂದು ಸದ್ದಾಯಿತು. ಸಣ್ಣ ಸದ್ದು. ತಾಯಿಗೆ ಮಾತ್ರ ಕೇಳುವಂಥದ್ದು.

ಟಿಟ್ಟವ್ವ ಬಾಣದಂತೆ ಹಿಂದಕ್ಕೆ ಹಾರಿದಳು. ಟಗರಿನ ಮುಖದ ಎದುರೇ ಎರಡೂ ರೆಕ್ಕೆ ಅಗಲಿಸಿ ನಿಂತು ಚೀರಿದಳು. ಟಗರು ಬೆದರಿ ಪಕ್ಕಕ್ಕೆ ತಿರುಗಿತು. ಇಡೀ ಹಿಂಡು ತಿರುಗಿತು. ನಾಲ್ಕರಲ್ಲಿ ಮೂರು ಮೊಟ್ಟೆ ಉಳಿದಿದ್ದವು.

ಏದುಸಿರು ಬಿಡುತ್ತ ಬಂದ ಮಾಳವ್ವ ಒಡೆದ ಚಿಪ್ಪು ನೋಡಿದಳು. ಹಕ್ಕಿಯ ನೆಟ್ಟಗಿನ ರೆಕ್ಕೆ ನೋಡಿದಳು. ಚಿಪ್ಪಿನ ಪಕ್ಕದಲ್ಲೇ ಕೂತಳು.

"ಸುಳ್ಳಿನ ಹಿಂದ ಇಷ್ಟು ದೂರ ಓಡಿದೆನಲ್ಲ ತಂಗಿ. ಖರೇ ಹೇಳಿದ್ರ ಇಲ್ಲೇ ನಿಲ್ಲತಿದ್ದೆ."

"ನನಗೇನು ಗೊತ್ತವ್ವಾ?" ಟಿಟ್ಟವ್ವ ಅತ್ತಳು. "ನಿನ್ನ ಕಣ್ಣಾಗ ನರಿ ಐತೋ ತಾಯಿ ಐತೋ, ನನಗೇನು ಗೊತ್ತು?"

ಇಬ್ಬರೂ ಅಳುವುದನ್ನು ಗಾಳಿ ಕೇಳಿತು. ಈ ಸಲ ಚೇಷ್ಟೆ ಮಾಡದೆ ಸೀದಾ ಶಿವನಿಗೆ ಸುದ್ದಿ ಮುಟ್ಟಿಸಿತು. ಶಿವ ಬಂದ. ಬರಿಗಾಲಲ್ಲಿ, ನೆಲ ನೋಡಿ ನೋಡಿ ಹೆಜ್ಜೆ ಇಡುತ್ತ ಬಂದ.

"ಈ ಸುಳ್ಳು ನನಗ ಬ್ಯಾಡ, ನನ್ನಪ್ಪಾ. ವಾಪಸ್ ತಗೋ" ಎಂದಳು ಟಿಟ್ಟವ್ವ.

"ತಗೊಂಡರ ನಾಳೆ ನರಿ ಬಂದಾಗ ಏನು ಮಾಡ್ತೀ?"

ಟಿಟ್ಟವ್ವ ಉಳಿದ ಮೊಟ್ಟೆಗಳ ಕಡೆ ನೋಡಿದಳು.

ಶಿವ ಅವಳ ಬೆನ್ನು ಸವರಿದ. "ಹಸಿದು ಹುಡುಕ್ಕೊಂಡು ಬಂದವರ ಮುಂದ ಕುಂಟು. ನಿನ್ನ ಹೊಟ್ಟಿಗೋಸ್ಕರ ಅಲ್ಲ, ಮಕ್ಕಳಿಗೋಸ್ಕರ. ಅದು ಪಾಪ ಅಲ್ಲ. ಕುರಿಗೆ, ಆಕಳಿಗೆ ಕೆಟ್ಟ ಮನಸಿಲ್ಲ. ಅವು ಬಂದರ ಇವತ್ತು ನಿಂತಿ ನೋಡು, ಹಂಗ ರೆಕ್ಕಿ ಅಗಲಿಸಿ ಎದುರು ನಿಲ್ಲು."

"ಮನುಷ್ಯರು ಬಂದರ, ಶಿವನೇ? ಅವರೊಳಗ ಮಾಳವ್ವ ಯಾರು, ನರಿ ಯಾರು? ಹೆಂಗ ಗುರುತು ಹಿಡೀಲಿ?"

ಶಿವ ಒಡೆದ ಚಿಪ್ಪನ್ನು ಅಂಗೈಗೆ ಎತ್ತಿಕೊಂಡ.

"ಅದು ನಿನ್ನಿಂದ ಆಗೂದಿಲ್ಲ ಮಗಳೇ" ಎಂದ. "ನೀ ಕುಂಟು. ಅದು ಸುಳ್ಳು ಕುಂಟು ಅಂತ ಗುರುತು ಹಿಡಿಯೋ ಕೆಲಸ ಮನುಷ್ಯರಿಗೇ ಬಿಡತೀನಿ." ಹಾಗೆಂದು ಮಾಳವ್ವನ ಮುಖ ನೋಡಿದ.

ಮಾಳವ್ವ ಎದ್ದಳು. ಉಳಿದ ಮೂರು ಮೊಟ್ಟೆಗಳ ಸುತ್ತ ದೊಡ್ಡ ಕಲ್ಲುಗಳನ್ನು ಉಂಗುರದ ಹಾಗೆ ಜೋಡಿಸಿದಳು. ಕಂಬಳಿ ಮುಟ್ಟಿ ಆಣೆ ಇಟ್ಟಳು. "ನಾನು, ನನ್ನ ಮಕ್ಕಳು, ಅವರ ಮಕ್ಕಳು, ಇದರೊಳಗ ಹಿಂಡು ಬಿಡೂದಿಲ್ಲ, ನೇಗಿಲ ಹೊಡೆಯೂದಿಲ್ಲ." ಆಮೇಲೆ ಕುರಿಗಳನ್ನು ಕರೆದುಕೊಂಡು ಸುತ್ತು ಹಾದಿ ಹಿಡಿದು ಹೋದಳು.

ತಿಂಗಳು ತುಂಬುವಷ್ಟರಲ್ಲಿ ಮೂರು ಮರಿ ಹೊರಬಂದವು. ಹುಟ್ಟಿದ ದಿನವೇ ಓಡಿದವು. ತಲೆ ಎತ್ತಿದರೆ ಆಕಾಶ, ಬರೀ ಆಕಾಶ.

ಆದ್ದರಿಂದಲೇ ಮಕ್ಕಳೇ, ಇವತ್ತಿಗೂ ನೀವು ಬಯಲಲ್ಲಿ ನಡೆಯುವಾಗ ಒಂದು ಟಿಟ್ಟಿಭ ನಿಮ್ಮ ಮುಂದೆ ಬಿದ್ದು ರೆಕ್ಕೆ ಎಳೆಯುತ್ತದೆ. ಆಗ ಅದರ ಹಿಂದೆ ಓಡದೆ ಬಂದ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ಮೆಲ್ಲಗೆ ಹಿಂದೆ ಸರಿದರೆ, ಸ್ವಲ್ಪ ಹೊತ್ತಿನಲ್ಲಿ ಅದು ನೆಟ್ಟಗೆ ಎದ್ದು ನಡೆದುಹೋಗಿ ತನ್ನ ಮೊಟ್ಟೆಗಳ ಮೇಲೆ ಕೂರುವುದು ಕಾಣುತ್ತದೆ.