ಹೆಂಚಿನ ವ್ಯಾಪಾರಿಯ ಎರಡು ಕಾರು

“ಗುರುಗಳೇ, ನನ್ನ ಹಳೆಯ ಕಾರನ್ನು ಕೊಟ್ಟು ಹೊಸದು ತರಲೋ, ಇದನ್ನೇ ಇಟ್ಟುಕೊಳ್ಳಲೋ?”

ಕೇಳಿದವನು ಮಹಾಲಿಂಗ. ಮಠದ ಜಗಲಿಯ ಮೇಲೆ ಕೂರುವ ಮೊದಲೇ ಕೇಳಿದ. ಮುಖ ಕೆಂಪೇರಿತ್ತು. ಗುರುಗಳು ಅವನಿಗೆ ಕೂರಲು ಚಾಪೆ ತೋರಿಸಿದರು.

“ಅಂಥ ಕಾರು ಈಗ ಹುಡುಕಿದರೂ ಸಿಗುವುದಿಲ್ಲ. ಆದರೆ ನಡುದಾರಿಯಲ್ಲಿ ನಿಂತುಬಿಡುತ್ತದೆ. ಏನು ಮಾಡಲಿ ಎಂದರೆ ಮನೆಯಲ್ಲಿ ಒಬ್ಬರೂ ನೆಟ್ಟಗೆ ಉತ್ತರ ಕೊಡುವುದಿಲ್ಲ. ಈಗಲೂ ಹೆಂಡತಿಯ ಮೇಲೆ ಕೂಗಾಡಿಯೇ ಬಂದೆ,” ಎಂದ.

ಗುರುಗಳು ಕತೆ ಹೇಳಿದರು.

ಒಬ್ಬ ಹೆಂಚಿನ ವ್ಯಾಪಾರಿ ಇದ್ದ. ಅವನ ಹೆಂಡತಿಯ ಹೆಸರು ಶಾಂಭವಿ. ಅವನ ಬಳಿ ಒಂದು ಹಳೆಯ ಕಾರು ಇತ್ತು. ತಿಳಿ ಹಸಿರು ಬಣ್ಣ, ದುಂಡನೆಯ ದೀಪಗಳು. ಪ್ರಾಯದಲ್ಲಿ ಕೊಂಡದ್ದು. ಅಂಥ ಕಾರನ್ನು ಮಾಡುವುದನ್ನೇ ಕಂಪನಿಯವರು ಎಂದೋ ನಿಲ್ಲಿಸಿದ್ದರು. ವ್ಯಾಪಾರಿ ಬೆಳಿಗ್ಗೆ ಎದ್ದು ಮೊದಲು ಅದನ್ನು ಒರೆಸುತ್ತಿದ್ದ, ಆಮೇಲೆ ಮುಖ ತೊಳೆಯುತ್ತಿದ್ದ. ದಾರಿಯಲ್ಲಿ ಯಾರಾದರೂ ನಿಂತು ನೋಡಿದರೆ ಆ ದಿನವೆಲ್ಲ ಅವನಿಗೆ ಸಂತೋಷ.

ಒಮ್ಮೆ ಹೆಂಡತಿಯ ಅಣ್ಣನ ಮಗನ ಮದುವೆಗೆ ಹೊರಟರು. ಏರಿನಲ್ಲಿ ಕಾರು ನಿಂತಿತು. ವ್ಯಾಪಾರಿ ಸ್ಟಿಯರಿಂಗ್ ಹಿಡಿದು ಕೂತ. ಶಾಂಭವಿ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ತಳ್ಳಿದಳು. ಮಂಟಪ ತಲುಪುವಷ್ಟರಲ್ಲಿ ಮುಹೂರ್ತ ಮುಗಿದಿತ್ತು. ಆಕೆಯ ಸೀರೆಗೆ ಎಣ್ಣೆಯ ಕಲೆ ಹತ್ತಿತ್ತು.

“ಇದನ್ನು ಬದಲಾಯಿಸಬಾರದೇ?” ಎಂದು ಆಕೆ ಮೆಲ್ಲಗೆ ಕೇಳಿದಳು.

ಅವನು ನೆಂಟರೆಲ್ಲರ ಎದುರಿಗೆ ಕೂಗಿದ. “ನನಗೂ ವಯಸ್ಸಾಯಿತು. ನನ್ನನ್ನೂ ಬದಲಾಯಿಸುತ್ತೀಯಾ?”

ಊಟಕ್ಕೆ ಕೂತವರು ತಲೆ ಎತ್ತಿ ನೋಡಿದರು. ಯಾರೋ ನಕ್ಕರು. ಆಕೆ ನಗಲಿಲ್ಲ.

ಆದರೆ ಕಾರು ಬದಲಾಯಿಸುವ ಆ ಮಾತು ಅವನ ತಲೆಯೊಳಗೆ ಹೊಕ್ಕಿತು. ಕೊಡಲೋ, ಇಟ್ಟುಕೊಳ್ಳಲೋ ಎಂದು ಉಣ್ಣುವಾಗ ಕೇಳಿದ, ಮಲಗುವಾಗ ಕೇಳಿದ. ಇಟ್ಟುಕೊಳ್ಳಿ ಎಂದು ಆಕೆ ಅಂದರೆ, ನಡುರಸ್ತೆಯಲ್ಲಿ ನನ್ನ ಮಾನ ಹೋಗುವುದನ್ನು ನೋಡಲು ನಿನಗೆ ಇಷ್ಟ ಎಂದು ಸಿಡುಕಿದ. ಕೊಟ್ಟುಬಿಡಿ ಎಂದರೆ, ನಿನಗೆ ಯಾವುದರ ಮೇಲೂ ಪ್ರೀತಿ ಇಲ್ಲ ಎಂದು ಸಿಡುಕಿದ. ಕೊನೆಗೆ ಆಕೆ, “ನಿಮಗೆ ಹೇಗೆ ತೋಚುತ್ತದೋ ಹಾಗೆ ಮಾಡಿ,” ಎಂದಳು. ಅದಕ್ಕೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು. ಈ ಮನೆಯಲ್ಲಿ ನನಗೊಂದು ಮಾತು ಹೇಳುವವರಿಲ್ಲ ಎಂದು ತಟ್ಟೆ ತಳ್ಳಿ ಎದ್ದ. ಸಾರು ಚೆಲ್ಲಿತು. ಆಕೆ ನೆಲ ಒರೆಸಿದಳು.

ಒಂದು ದಿನ ಅದೇ ಸಿಟ್ಟಿನಲ್ಲಿ ಹೋಗಿ ಹಳೆಯ ಕಾರನ್ನು ಶೋರೂಮಿಗೆ ಕೊಟ್ಟು ಹೊಸದನ್ನು ತಂದ. ಬಿಳಿಯ ಕಾರು. ಸದ್ದಿಲ್ಲ, ಹೊಗೆಯಿಲ್ಲ, ಏರಿನಲ್ಲಿ ನಿಲ್ಲುವುದಿಲ್ಲ. ಶಾಂಭವಿ ಹತ್ತಿ ಕೂತು, ಸೊಂಟಕ್ಕೆ ಹಿತವಾಗಿದೆ ಎಂದಳು. ಆದರೆ ಬೀದಿಯಲ್ಲಿ ಒಬ್ಬರೂ ನಿಂತು ನೋಡಲಿಲ್ಲ. ಅಂಥ ಬಿಳಿಯ ಕಾರು ಪ್ರತಿ ಗಲ್ಲಿಯಲ್ಲೂ ಇತ್ತು. ಬೆಲ್ಟ್ ಹಾಕದಿದ್ದರೆ ಅದು ಕಿರುಚುತ್ತಿತ್ತು. ನನ್ನ ಕಾರೇ ನನ್ನನ್ನು ಗದರಿಸುತ್ತದೆ ಎಂದು ಅವನು ಹಲ್ಲು ಕಡಿದ. ಮನೆಗೆ ಬಂದು ಹೆಂಡತಿಯನ್ನು ಗದರಿಸಿದ.

“ನೀನು ಹೇಳಿದ್ದಕ್ಕೇ ನಾನು ಕೊಟ್ಟದ್ದು. ಈಗ ನಿನಗೆ ಸಮಾಧಾನವಾಯಿತೇ?”

ಹೀಗಿರುವಾಗ ಪೇಟೆಯ ವೃತ್ತದಲ್ಲಿ ತನ್ನ ಹಳೆಯ ಕಾರನ್ನು ಕಂಡ. ಒಬ್ಬ ಫೋಟೋ ಸ್ಟುಡಿಯೊದವನು ಅದನ್ನು ಶೋರೂಮಿನಿಂದ ಕೊಂಡು, ಕೆಂಪು ಬಣ್ಣ ಬಳಿಸಿ, ಮದುವೆಯ ಫೋಟೋಗಳಿಗೆ ಬಾಡಿಗೆಗೆ ಬಿಟ್ಟಿದ್ದ. ಹೂವಿನ ಹಾರ ಹಾಕಿತ್ತು. ಗಂಡು ಹೆಣ್ಣು ಬಾನೆಟ್ಟಿಗೆ ಒರಗಿ ನಿಂತಿದ್ದರು. ಸುತ್ತ ಜನ ನೋಡುತ್ತಿದ್ದರು. ವ್ಯಾಪಾರಿ ಹೊಸ ಕಾರನ್ನು ರಸ್ತೆಯ ಮಧ್ಯದಲ್ಲೇ ಬಿಟ್ಟು ಓಡಿದ. ನನ್ನ ಕಾರಿನ ಬಣ್ಣ ಕೆಡಿಸಿದ್ದೀಯೆ, ಮುಟ್ಟಬೇಡ, ದೂರ ಸರಿಸು ಅವರನ್ನು ಎಂದು ಕೂಗಾಡಿದ. ಮದುಮಗಳು ಹೆದರಿ ಹಿಂದೆ ಸರಿದಳು.

ಸ್ಟುಡಿಯೊದವನು, “ಸಾಹುಕಾರರೇ, ನೀವು ಮಾರಿದ್ದನ್ನೇ ನಾನು ಕೊಂಡದ್ದು. ನನ್ನ ಮೇಲೆ ಯಾಕೆ ಕೂಗುತ್ತೀರಿ?” ಎಂದ.

ವ್ಯಾಪಾರಿ ಅವನು ಕೇಳಿದಷ್ಟು ಕೊಟ್ಟು ಕಾರನ್ನು ಮರಳಿ ಪಡೆದ.

ಈಗ ಎರಡು ಕಾರಾದವು. ಮನೆಯ ಮುಂದೆ ಒಂದಕ್ಕೇ ಜಾಗ. ಪಕ್ಕದಲ್ಲಿ ಒಂದು ಶೆಡ್ ಇತ್ತು. ಶಾಂಭವಿ ಅಲ್ಲಿ ಬಹಳ ಕಾಲದಿಂದ ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಕಲಿತವರಲ್ಲಿ ಕೆಲವರು ತಮ್ಮದೇ ಅಂಗಡಿ ಇಟ್ಟಿದ್ದರು. ಊರವರು ಆಕೆಯನ್ನು ಹೊಲಿಗೆಯ ಅಕ್ಕ ಎನ್ನುತ್ತಿದ್ದರು. ಆಕೆ ನೆಂಟರ ಮನೆಗೆ ಹೋಗಿದ್ದ ದಿನ ವ್ಯಾಪಾರಿ ಆಳುಗಳನ್ನು ಕರೆಸಿ, ಹೊಲಿಗೆ ಯಂತ್ರಗಳನ್ನು ಹಿತ್ತಲಿಗೆ ಇಡಿಸಿ, ಹಳೆಯ ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿದ. ಧೂಳು ಬೀಳದಂತೆ ಅದಕ್ಕೆ ಹೊದಿಕೆ ಹಾಕಿದ. ಯಂತ್ರಗಳಿಗೆ ಏನೂ ಹೊದಿಸಲಿಲ್ಲ. ಸಂಜೆ ಮಳೆ ಬಂತು.

ಆಕೆ ಮರುದಿನ ಬಂದಳು. ಹಿತ್ತಲಲ್ಲಿ ಯಂತ್ರಗಳು ನೆನೆದು ನಿಂತಿದ್ದವು. ಅರ್ಧ ಹೊಲಿದ ಲಂಗವೊಂದು ಕೆಸರಿನಲ್ಲಿ ಬಿದ್ದಿತ್ತು. ಆಕೆ ಅದನ್ನು ಎತ್ತಿಕೊಂಡಳು. ಅದೇ ಹೊತ್ತಿಗೆ ಶೆಡ್ಡಿನೊಳಗೆ ವ್ಯಾಪಾರಿ ಕಾರಿನ ಬಾಗಿಲನ್ನು ದಡಾರನೆ ಹಾಕಿ ಹೊರಬಂದ. ಕಾರು ಶುರುವಾಗಿರಲಿಲ್ಲ.

“ಮಾರುವಾಗ ನೀನು ತಡೆಯಲಿಲ್ಲ. ಮತ್ತೆ ತರುವಾಗಲೂ ತಡೆಯಲಿಲ್ಲ. ಇದೆಲ್ಲ ನಿನ್ನಿಂದಲೇ ಆದದ್ದು!” ಎಂದು ಅಬ್ಬರಿಸಿದ.

ಮದುವೆಯಾದಂದಿನಿಂದ ಆಕೆ ಅವನ ಎದುರು ದನಿ ಎತ್ತಿರಲಿಲ್ಲ. ಆಗ ಎತ್ತಿದಳು.

“ಕಾರು ನಿಮ್ಮದು. ಮಾರಿದವರು ನೀವು, ತಂದವರು ನೀವು. ಸಿಟ್ಟು ಮಾತ್ರ ಯಾಕೆ ನನ್ನ ಮೇಲೆ? ತಳ್ಳುವುದಕ್ಕೆ ನಾನು ಬೇಕು, ಬೈಯುವುದಕ್ಕೆ ನಾನು ಬೇಕು. ನನ್ನ ಕೆಲಸವನ್ನು ಮಳೆಗೆ ಎಸೆಯುವ ಮುಂಚೆ ಒಂದು ಮಾತು ಕೇಳುವುದಕ್ಕೆ ಮಾತ್ರ ನಾನು ಬೇಡವೇ?”

ಆಕೆ ಕೆಸರಾದ ಲಂಗವನ್ನು ಅವನ ಮುಂದೆ ಹಿಡಿದಳು. ಅವನು ಅದನ್ನು ನೋಡಿದ. ಆದರೂ, ಯಂತ್ರ ಒರೆಸಿದರೆ ಸರಿಹೋಗುತ್ತದೆ, ಅದಕ್ಕೇಕೆ ಇಷ್ಟು ರಂಪ ಎಂದ.

ಆಕೆ ಯಂತ್ರಗಳಲ್ಲಿ ಚೆನ್ನಾಗಿದ್ದವುಗಳನ್ನು ಆರಿಸಿ ಲಗೇಜ್ ಆಟೋದಲ್ಲಿ ಹಾಕಿಸಿ, ತಾನೂ ಅದರಲ್ಲೇ ಕೂತು ತಂಗಿಯ ಊರಿಗೆ ಹೋದಳು.

ವ್ಯಾಪಾರಿ ಮನೆಯಲ್ಲಿ ಉಳಿದ. ಒಲೆಯ ಮೇಲೆ ಸಿಟ್ಟಾದ, ಹಾಲಿನವನ ಮೇಲೆ ಸಿಟ್ಟಾದ. ಆಳುಗಳು ಅವನ ಎದುರಿಗೆ ಬರುವುದನ್ನು ಬಿಟ್ಟರು. ಹಳೆಯ ಕಾರನ್ನು ರಿಪೇರಿ ಮಾಡಿಸಿದ. ಹೊಸ ಕಾರನ್ನು ತೊಳೆಸಿದ. ಎರಡರಲ್ಲೂ ಪಕ್ಕದ ಸೀಟು ಖಾಲಿ ಇತ್ತು. ಕೊನೆಗೆ, ತಾನೇ ಒಮ್ಮೆ ಸೋಲಬೇಕು ಎಂದು ತೀರ್ಮಾನಿಸಿ ನಾದಿನಿಯ ಊರಿಗೆ ಹೊರಟ.

ಆ ಮನೆಯ ಪಡಸಾಲೆಯಲ್ಲಿ ಆಗಲೇ ಕೆಲವು ಹುಡುಗಿಯರು ಹೊಲಿಗೆ ಕಲಿಯುತ್ತಿದ್ದರು. ಶಾಂಭವಿ ಅವನನ್ನು ಕಂಡು ಎದ್ದಳು. ಕುರ್ಚಿ ಹಾಕಿದಳು. ನೀರು ಕೊಟ್ಟಳು, ಕಾಫಿ ಕೊಟ್ಟಳು. ಅವನು ಏನು ಹೇಳುತ್ತಾನೆಂದು ಎದುರಿಗೆ ನಿಂತು ಕಾದಳು. ಹುಡುಗಿಯರೂ ಯಂತ್ರ ನಿಲ್ಲಿಸಿದರು.

ವ್ಯಾಪಾರಿ ಕಾಫಿ ಕುಡಿದು ಮುಗಿಸಿದ. ಗಂಟಲು ಸರಿಮಾಡಿಕೊಂಡ.

“ಆಯಿತು, ನನ್ನ ಹಟ ಬಿಟ್ಟಿದ್ದೇನೆ. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ನೀನೇ ಹೇಳು. ಹಾಗೆಯೇ ಮಾಡುತ್ತೇನೆ,” ಎಂದ.

ಆಕೆ ಅವನ ಮುಖವನ್ನೇ ನೋಡಿದಳು. ಲೋಟ ತೆಗೆದುಕೊಂಡು ಒಳಗೆ ಇಟ್ಟು ಬಂದಳು. ಯಂತ್ರದ ಮುಂದೆ ಕೂತು, ಹುಡುಗಿಯೊಬ್ಬಳಿಗೆ ರವಿಕೆಗೆ ತೋಳು ಜೋಡಿಸುವುದನ್ನು ತೋರಿಸತೊಡಗಿದಳು.

ಅವನು ಕತ್ತಲಾಗುವವರೆಗೂ ಕೂತಿದ್ದ. ಆಮೇಲೆ ಒಬ್ಬನೇ ಹಿಂತಿರುಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಹಾಲಿಂಗ ಕತೆ ಇನ್ನೂ ಇದೆ ಎಂದುಕೊಂಡಿದ್ದ. ಗುರುಗಳು ಮುಂದುವರಿಸದಿದ್ದಾಗ ಅವನಿಗೆ ಮತ್ತೆ ಸಿಟ್ಟೇರಿತು.

“ಕೊನೆಗೆ ಯಾವ ಕಾರನ್ನು ಇಟ್ಟುಕೊಂಡ, ಗುರುಗಳೇ? ಅದನ್ನೇ ಹೇಳಲಿಲ್ಲವಲ್ಲ!”

ಗುರುಗಳು ಹೇಳಿದರು: “ಒಬ್ಬನೇ ಹಿಂತಿರುಗಿದ ಎಂದೆ, ಮಹಾಲಿಂಗ, ಅದು ನಿನಗೆ ಕೇಳಿಸಲೇ ಇಲ್ಲ.”