‘ಸಾಕು’ ಎಂಬ ಮಾತು ತಡವಾಗಿ ಬರುವುದೇಕೆ

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಗಾಳಿಗೂ ಹೊಳೆಗೂ ಹುಳುವಿಗೂ ಮನುಷ್ಯರಿಗೂ ಆಗ ಒಂದೇ ಮಾತು. ಆ ಕಾಲದಲ್ಲಿ ಮನುಷ್ಯರ ಹೊಟ್ಟೆಗೆ ಹಸಿವು ಗೊತ್ತಿತ್ತು ಮಗಾ. ಸಾಕು ಅನ್ನುವುದು ಗೊತ್ತಿರಲಿಲ್ಲ.

ಉಣ್ಣಲು ಕೂತರೆ ಮಡಕೆಯ ತಳ ಕಾಣುವವರೆಗೂ ಉಣ್ಣುತ್ತಿದ್ದರು. ಮಡಕೆ ಬರಿದಾದರೆ ಮರದ ಹಣ್ಣು, ಹಣ್ಣು ಮುಗಿದರೆ ಕಾಯಿ, ಕಾಯಿ ಮುಗಿದರೆ ಚಿಗುರು. ತಿಂದೂ ತಿಂದೂ ಗುಡ್ಡವೇ ಬೋಳಾಯಿತು.

ಆ ಗುಡ್ಡದ ಬುಡದಲ್ಲಿ ದ್ಯಾವಕ್ಕ, ಅವಳ ಗಂಡ ಕಾಟಯ್ಯ, ನಾಲ್ಕು ವರ್ಷದ ಮಗಳು ಹೊಂಬಿ ಇದ್ದರು. ಒಂದು ಬೇಸಿಗೆಯಲ್ಲಿ ಅವರ ಮನೆಯಲ್ಲಿ ಉಳಿದದ್ದು ಒಂದು ಗಡಿಗೆ ಸಾಮೆಹಿಟ್ಟು ಮಾತ್ರ. ಮಗು ಆಗಲೇ ಸೊರಗಿತ್ತು. ಗೆಡ್ಡೆಗೆಣಸು ಅಗೆದು ತರಲು ದ್ಯಾವಕ್ಕ ದೂರದ ಕಾಡಿಗೆ ಹೊರಟಳು. ಹೋಗಿ ಬರಲು ಐದು ದಿನ. ದಿನಕ್ಕೆ ಒಂದೊಂದು ಹಿಡಿ ಹಿಟ್ಟು, ಅದೂ ಮೊದಲು ಮಗುವಿಗೆ ಎಂದು ಗಂಡನಿಗೆ ಹೇಳಿದಳು. ಅವನು ಹೂಂ ಎಂದ. ಅವನಿಗೆ ಮಗಳೆಂದರೆ ಪ್ರಾಣ.

ಮೊದಲ ದಿನ ಕಾಟಯ್ಯ ಮಗಳಿಗೆ ಒಂದು ಹಿಡಿ ಕೊಟ್ಟ, ತಾನೊಂದು ಹಿಡಿ ತಿಂದ. ಕೈ ಮತ್ತೆ ಗಡಿಗೆಗೆ ಹೋಯಿತು. ಮತ್ತೂ ಹೋಯಿತು. ಸಂಜೆಯ ಹೊತ್ತಿಗೆ ಅವನ ಉಗುರು ಗಡಿಗೆಯ ತಳ ಕೆರೆಯುತ್ತಿತ್ತು.

ಐದನೆಯ ದಿನ ದ್ಯಾವಕ್ಕ ಅರ್ಧ ಬುಟ್ಟಿ ಗೆಣಸು ಹೊತ್ತು ಬಂದಾಗ ಹೊಂಬಿಗೆ ಅಗಿಯುವ ಶಕ್ತಿ ಇರಲಿಲ್ಲ. ತಾಯಿ ತಾನೇ ಅಗಿದು ಬಾಯಿಗಿಟ್ಟಳು. ಮಗು ನುಂಗಲಿಲ್ಲ. ಅವಳ ಮಡಿಲಲ್ಲೇ ತಣ್ಣಗಾಯಿತು.

ಮಗುವನ್ನು ದೊಡ್ಡ ಹುತ್ತದ ಪಕ್ಕದಲ್ಲಿ ಮಣ್ಣು ಮಾಡಿದರು. ಕಾಟಯ್ಯ ಮನೆಗೆ ಹೋಗಿ ಬುಟ್ಟಿಯ ಮುಂದೆ ಕೂತ. ಅವನು ಅಳಲಿಲ್ಲ. ಸಾಕು ಎನ್ನದ ಹೊಟ್ಟೆ ಬೇರೆ ಯಾವುದನ್ನೂ ನೆನೆಯಲು ಬಿಡುತ್ತಿರಲಿಲ್ಲ.

ದ್ಯಾವಕ್ಕ ಮನೆಗೆ ಹೋಗಲಿಲ್ಲ. ಹುತ್ತದ ಬಳಿಯೇ ಕೂತಳು. ಅಲ್ಲಿ ಗೆದ್ದಲುಗಳು ಸಾಲಾಗಿ ಓಡಾಡುತ್ತಿದ್ದವು. ಒಂದು ಇನ್ನೊಂದಕ್ಕೆ ಬಾಯಿಂದ ಬಾಯಿಗೆ ಉಣಿಸುತ್ತಿತ್ತು. ಉಂಡ ಹುಳು ಎರಡು ಗುಟುಕಿಗೇ ಮುಖ ತಿರುಗಿಸಿ, ಮುಂದಿನದಕ್ಕೆ ಬಿಡುತ್ತಿತ್ತು. ದ್ಯಾವಕ್ಕ ಅದನ್ನೇ ನೋಡುತ್ತ ದಿನಗಟ್ಟಲೆ ಕೂತಳು.

ಕೊನೆಗೆ ಹುತ್ತದೊಳಗಿನ ತಾಯಿಗೆದ್ದಲನ್ನು ಕೂಗಿ, ನಿನ್ನ ಮಕ್ಕಳಿಗೆ ಮುಖ ತಿರುಗಿಸಲು ಕಲಿಸಿದವರು ಯಾರು ಎಂದು ಕೇಳಿದಳು.

“ಯಾರೂ ಕಲಿಸಿಲ್ಲ. ಅದು ನಮ್ಮ ಮೈಯಲ್ಲೇ ಇದೆ,” ಎಂದಿತು ತಾಯಿಗೆದ್ದಲು. “ನಿಮಗೆ ಬೇಕಾದರೆ ನಮ್ಮನ್ನು ತಿನ್ನಬೇಕು. ಬೇರೆ ದಾರಿ ಇಲ್ಲ.”

ದ್ಯಾವಕ್ಕ ಮಗಳ ಮೇಲಿನ ಮಣ್ಣನ್ನು ಸವರಿದಳು. “ನಿನ್ನ ಮಕ್ಕಳನ್ನು ಕೊಡು ಅಂತ ನಾನು ಹೇಗೆ ಕೇಳಲಿ?”

“ನೀನು ಕೇಳಬೇಡ. ನಿನ್ನ ಮಗಳು ನನ್ನ ಗೋಡೆಗೆ ಆತುಕೊಂಡು ಮಲಗಿದ್ದಾಳೆ, ಅದಕ್ಕೆ ನಾನೇ ಹೇಳುತ್ತಿದ್ದೇನೆ. ಮೊದಲ ಮಳೆಗೆ ನನ್ನ ಮಕ್ಕಳು ರೆಕ್ಕೆ ಕಟ್ಟಿಕೊಂಡು ಹೊರಗೆ ಬರುತ್ತಾರೆ. ಸಾವಿರಕ್ಕೆ ಒಬ್ಬರೂ ಬದುಕುವುದಿಲ್ಲ. ಕಪ್ಪೆಗೆ ಕೆಲವರು, ಕಾಗೆಗೆ ಕೆಲವರು. ನಿನಗೂ ಕೆಲವರು ಇರಲಿ. ನನ್ನ ಮನೆ ಅಗೆಯಬೇಡ. ರೆಕ್ಕೆಗಳು ಮಾತ್ರ ನನ್ನ ಮಣ್ಣಿಗೇ ಬೀಳಲಿ. ಅಷ್ಟಾದರೂ ನನಗೆ ಉಳಿಯಲಿ.”

ಮಳೆ ಬಂತು. ಮಳೆ ನಿಂತ ಮೇಲೆ ಹುತ್ತದ ಬಾಯಿಂದ ರೆಕ್ಕೆ ಬಂದ ಗೆದ್ದಲುಗಳು, ಅಂದರೆ ಈಸಲು ಹುಳುಗಳು, ಹೊಗೆಯಂತೆ ಎದ್ದವು. ಎದ್ದಷ್ಟೇ ಬೇಗ ರೆಕ್ಕೆ ಕಳಚಿ ನೆಲಕ್ಕೆ ಬಿದ್ದವು. ದ್ಯಾವಕ್ಕ ಒಂದೊಂದನ್ನೂ ಎರಡು ಬೆರಳಲ್ಲಿ ಎತ್ತಿಕೊಂಡಳು. ಎರಡು ಹಿಡಿಯಾದ ಮೇಲೆ ಎದ್ದಳು.

ಹಂಚಿನ ಮೇಲೆ ಹುರಿದು ಗಂಡನ ಮುಂದಿಟ್ಟಳು. ಕಾಟಯ್ಯ ತಿಂದ. ಒಂದು ಹಿಡಿ ಮುಗಿಯಿತು. ಎರಡನೆಯ ಹಿಡಿಗೆ ಕೈ ಚಾಚಿದವನು ಹಾಗೇ ನಿಂತ.

“ಒಳಗೆ ಏನೋ ನಡೆದು ಬರುತ್ತಿದೆ,” ಎಂದ. “ಹೊಟ್ಟೆಯಿಂದ ತಲೆಗೆ.”

ಸ್ವಲ್ಪ ಹೊತ್ತಿಗೆ ಅವನ ಕೈ ತಾನಾಗಿ ಮಡಿಲಿಗೆ ಬಂತು. ಹುಟ್ಟಿದ ಮೇಲೆ ಮೊದಲ ಸಲ ಅವನು ತನ್ನ ಮುಂದಿನ ಎಲೆಯಲ್ಲಿ ತಿನಿಸು ಉಳಿದಿರುವುದನ್ನು ನೋಡಿದ.

“ಇದು ಯಾರ ಪಾಲು?” ಎಂದು ಕೇಳಿದ.

ದ್ಯಾವಕ್ಕ ಹುತ್ತದ ಕಡೆ ನೋಡಿದಳು. ಅವನಿಗೆ ಗಡಿಗೆ ನೆನಪಾಯಿತು. ಅದರ ತಳ ನೆನಪಾಯಿತು. ಆಗ ಅವನು ಅತ್ತ. ಗುಡ್ಡದ ಮೇಲಿನ ಗಾಳಿ ಆ ಅಳುವನ್ನು ಮನೆಮನೆಗೆ ಕೊಂಡೊಯ್ದಿತು. ಜನ ಬಂದರು, ಕೇಳಿದರು, ಹುತ್ತದ ಬಳಿ ಒಂದೊಂದು ಹಿಡಿ ಆರಿಸಿಕೊಂಡರು. ಹೀಗೆ ಸಾಕು ಎಂಬುದು ಎಲ್ಲರ ಹೊಟ್ಟೆಗೂ ಬಂತು.

ಅದಕ್ಕೇ ಮಗಾ, ಇವತ್ತಿಗೂ ಮೊದಲ ಮಳೆಯಾದ ಮೇಲೆ ಹುತ್ತದ ಸುತ್ತ ರೆಕ್ಕೆಗಳು ಉದುರಿ ಬಿದ್ದಿರುತ್ತವೆ. ಅದಕ್ಕೇ ಹುರಿದ ಈಸಲು ಒಂದು ಹಿಡಿ ತಿಂದರೆ ಹೊಟ್ಟೆ ತುಂಬುತ್ತದೆ. ನೀನು ಗಬಗಬ ಉಂಡಾಗ ಸಾಕು ಎಂಬ ಮಾತು, ರೆಕ್ಕೆ ಹುತ್ತದ ಬಳಿಯೇ ಉಳಿದದ್ದರಿಂದ, ಹೊಟ್ಟೆಯಿಂದ ತಲೆಯವರೆಗೆ ನಡೆದೇ ಬರಬೇಕು. ಅದು ಬಂದು ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಇನ್ನೊಬ್ಬರ ಪಾಲು ಮುಗಿದುಹೋಗಿರುತ್ತದೆ.